ಉಗುರಿದ್ದ ಮಗಳು

ಬೆಟಗೇರಿಯ ನೇಕಾರ ಓಣಿಯಲ್ಲಿ ಕಲ್ಲಣ್ಣನ ಮನೆಯವರನ್ನು ಜನ ಕೈ ನೋಡಿ ಗುರುತು ಹಿಡಿಯುತ್ತಿದ್ದರು. ಆ ಮನೆಯವರ ಹೆಬ್ಬೆರಳಿಗೆ ಉಗುರಿರಲಿಲ್ಲ. ಕೆಲವರಿಗೆ ಪೂರಾ ಇಲ್ಲ, ಕೆಲವರಿಗೆ ಅಕ್ಕಿನುಚ್ಚಿನಷ್ಟು ಚೂರೊಂದು ಮೂಲೆಗೆ ಅಂಟಿಕೊಂಡಿರುತ್ತಿತ್ತು. ಮೊಣಕಾಲ ಚಿಪ್ಪೂ ಸಣ್ಣದು. ನೆಲದ ಕುಣಿಯೊಳಗೆ ಕಾಲಿಳಿಬಿಟ್ಟು ಕೂಡುವ ಕುಣಿಮಗ್ಗದಿಂದ ಏಳುವಾಗ ಗೋಡೆ ಹಿಡಿದೇ ಏಳಬೇಕು. ಮೊಣಕೈ ನೆಟ್ಟಗೆ ಚಾಚುತ್ತಿರಲಿಲ್ಲ. ಆದರೂ ನೇಯ್ಗೆಯಲ್ಲಿ ಅವರದು ಎತ್ತಿದ ಕೈ. ಹರಿದ ಎಳೆಯನ್ನು ಬೇರೆಯವರು ಉಗುರಿನಿಂದ ಮೀಟಿ ಎತ್ತಿದರೆ, ಇವರು ಬೆರಳ ತುದಿಯನ್ನು ನಾಲಿಗೆಗೆ ಮುಟ್ಟಿಸಿ, ಒದ್ದೆ ಬೆರಳಿಗೆ ಎಳೆ ಅಂಟಿಸಿಕೊಂಡು ಗಂಟು ಹಾಕುತ್ತಿದ್ದರು. ಓಣಿಯವರು ‘ಉಗುರಿಲ್ಲದವರ ಮನಿ’ ಎಂದು ಕರೆದರೆ ಅದರಲ್ಲಿ ಕುಹಕಕ್ಕಿಂತ ಮರ್ಯಾದೆಯೇ ಹೆಚ್ಚಿತ್ತು. ಮನೆಯವರೂ ಅದನ್ನು ರೋಗವೆಂದು ತಿಳಿದಿರಲಿಲ್ಲ. ಬನಶಂಕರಿ ದೇವಿ ತಮ್ಮ ಮನೆತನಕ್ಕೆ ಒತ್ತಿದ ಮುದ್ರೆ ಎಂದುಕೊಂಡಿದ್ದರು.

ಬನಶಂಕರೆವ್ವ ಹುಟ್ಟಿದ್ದು ನಲವತ್ತನಾಲ್ಕನೆಯ ಇಸವಿಯಲ್ಲಿ. ಕಲ್ಲಣ್ಣ ಮತ್ತು ರತ್ನವ್ವರಿಗೆ ಆಗಲೇ ಮೂರು ಮಕ್ಕಳಿದ್ದರು. ಹಿರಿಯವನು ಪ್ರಲ್ಹಾದ, ಅವನ ಬೆನ್ನಿಗೆ ಇಬ್ಬರು ಹೆಣ್ಣುಮಕ್ಕಳು. ಮೂವರಿಗೂ ಮನೆಯ ಗುರುತಿತ್ತು. ಕಲ್ಲಣ್ಣನಿಗೆ, ಅವನ ಇಬ್ಬರು ತಮ್ಮಂದಿರಿಗೆ, ತೀರಿಹೋದ ಅವರಪ್ಪನಿಗೆ ಎಲ್ಲರಿಗೂ ಇತ್ತು. ಸೂಲಗಿತ್ತಿ ಕೂಸನ್ನು ಹೊರಗೆ ತಂದಾಗ ಕಲ್ಲಣ್ಣನ ತಾಯಿ ದೇವವ್ವ ಮೊದಲು ಬಟ್ಟೆ ಸರಿಸಿ ಹೆಬ್ಬೆರಳು ನೋಡಿದಳು. ಎರಡೂ ಕೈಯಲ್ಲಿ ತುಂಬಿದ, ನಸುಗೆಂಪು ಉಗುರು. ಬೇರೆ ಯಾರಾದರೂ ಆಗಿದ್ದರೆ ದೇವರಿಗೆ ಕೈ ಮುಗಿಯುತ್ತಿದ್ದರು. ದೇವವ್ವ ಕೂಸನ್ನು ಸೂಲಗಿತ್ತಿಯ ಕೈಗೆ ತಿರುಗಿ ಕೊಟ್ಟು, “ಇದು ನಮ್ಮ ಮನಿ ಕೂಸಲ್ಲ” ಅಂದಳು.

ಆ ಮಾತು ಓಣಿ ದಾಟಲು ಒಂದು ವಾರವೂ ಬೇಕಾಗಲಿಲ್ಲ. ಕಲ್ಲಣ್ಣ ಹೌದೆನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಲಾಳಿ ಎಸೆಯುತ್ತ ಕುಳಿತ. ರತ್ನವ್ವ ಐದು ವರ್ಷ ಕಾದಳು. ದೇವವ್ವ ಮೂವರು ಮೊಮ್ಮಕ್ಕಳಿಗೆ ಒಂದು ಪಂಕ್ತಿಯಲ್ಲಿ ಬಡಿಸಿ ನಾಲ್ಕನೆಯವಳಿಗೆ ಅಡುಗೆಮನೆಯ ಹೊಸ್ತಿಲ ಆಚೆ ತಾಟು ಇಡುತ್ತಿದ್ದಳು. ಒಂದು ದಿನ ಬನಶಂಕರೆವ್ವ ಅದೇನೂ ಅರಿಯದೆ ಅಕ್ಕಂದಿರ ನಡುವೆ ಹೋಗಿ ಕುಳಿತಾಗ ದೇವವ್ವ ಅವಳ ತೋಳು ಹಿಡಿದು ಎಬ್ಬಿಸಿದಳು. ರತ್ನವ್ವ ಒಲೆ ಮೇಲಿನ ಹಂಚು ಇಳಿಸಿ, ಕೈ ತೊಳೆದುಕೊಂಡು, ಮಗಳನ್ನು ಕಂಕುಳಿಗೆತ್ತಿಕೊಂಡು ಹೊರಟಳು. ಉಳಿದ ಮೂವರನ್ನು ಕರೆದೊಯ್ಯಲು ಬಿಡಲಿಲ್ಲ. ಅವರು ಆ ಮನೆಯ ಮಕ್ಕಳಾಗಿದ್ದರು. ಅವಳು ಹೊಸ್ತಿಲು ದಾಟುವಾಗ ಮಗ್ಗದ ಸದ್ದು ನಿಂತಿತ್ತು. ಅದಕ್ಕಿಂತ ಹೆಚ್ಚಿನದೇನೂ ಆಗಲಿಲ್ಲ.

ಲಕ್ಷ್ಮೇಶ್ವರದಲ್ಲಿ ರತ್ನವ್ವನ ಅಣ್ಣ ಒಂದು ಕೋಣೆ ಕೊಟ್ಟ. ರತ್ನವ್ವ ಅಲ್ಲಿನ ಮಗ್ಗಗಳಿಗೆ ನೂಲಿನ ಕಂಡಿಕೆ ಸುತ್ತಿ ಮಗಳನ್ನು ಶಾಲೆಗೆ ಕಳಿಸಿದಳು. ಬೆಟಗೇರಿಯ ಹೆಸರು ಆ ಕೋಣೆಯಲ್ಲಿ ಬರುತ್ತಿರಲಿಲ್ಲ. ಬನಶಂಕರೆವ್ವನಿಗೆ ಹದಿನೇಳು ತುಂಬಿದಾಗ ಮುಂಡರಗಿಯಿಂದ ಒಂದು ಸಂಬಂಧ ಬಂತು, ವೀಳ್ಯದವರೆಗೂ ಹೋಯಿತು. ಆಮೇಲೆ ಅವರ ಕಡೆಯ ಹಿರಿಯರೊಬ್ಬರು ಬೆಟಗೇರಿಗೆ ಹೋಗಿ ವಿಚಾರಿಸಿ ಬಂದರು. ಮರುದಿನದಿಂದ ಅವರ ಖಬರಿಲ್ಲ. ಇನ್ನೊಂದು ಸಂಬಂಧ ಬರಲಿಲ್ಲ. ಬನಶಂಕರೆವ್ವ ಎಸ್ಸೆಸ್ಸೆಲ್ಸಿ ಮುಗಿಸಿ ನರ್ಸು ತರಬೇತಿಗೆ ಸೇರಿದಳು. ಮುಂಡರಗಿ ಕಡೆಯ ಹಳ್ಳಿಗಳಲ್ಲಿ ಒಂಬತ್ತು ವರ್ಷ ಬಾಣಂತನ ಮಾಡಿಸಿ, ಎಪ್ಪತ್ತನಾಲ್ಕರಲ್ಲಿ ಗದಗಿನ ಮಗ್ಗುಲ ಮಲ್ಲಸಮುದ್ರದ ಆರೋಗ್ಯ ಉಪಕೇಂದ್ರಕ್ಕೆ ವರ್ಗವಾಗಿ ಬಂದಳು. ಕೇಂದ್ರದ ಹಿಂದೆಯೇ ಎರಡು ಕೋಣೆಯ ಮನೆ. ಅಲ್ಲಿ ತಾಯಿ ಮಗಳು ಇಬ್ಬರೇ. ಬೆಟಗೇರಿ ಈಗ ನಡೆದುಹೋಗುವಷ್ಟು ಹತ್ತಿರವಿತ್ತು. ಇಬ್ಬರಲ್ಲಿ ಯಾರೂ ಹೋಗಲಿಲ್ಲ.

ಎಪ್ಪತ್ತೇಳರ ಬೇಸಿಗೆಯಲ್ಲಿ ಧಾರವಾಡದಿಂದ ಒಂದು ಜೀಪು ಬಂತು. ಅದರಲ್ಲಿ ಒಬ್ಬ ಡಾಕ್ಟರು, ಅವರ ಜೊತೆ ಅಲ್ಲಾಉದ್ದೀನ ಎಂಬ ನಲವತ್ತರ ಆಸುಪಾಸಿನ ಸಂಖ್ಯಾಶಾಸ್ತ್ರದ ಮಾಸ್ತರು. ಮೂಲತಃ ಲಕ್ಷ್ಮೇಶ್ವರದವರೇ. ಗದಗಿನ ದವಾಖಾನೆಗೆ ಕಾಲು ಮುರಿದುಕೊಂಡು ಬಂದ ಹುಡುಗಿಯೊಬ್ಬಳ ಹೆಬ್ಬೆರಳಲ್ಲಿ ಉಗುರಿಲ್ಲದ್ದನ್ನು ಆ ಡಾಕ್ಟರು ಕಂಡಿದ್ದರು. ಇಂಥ ಮನೆತನಗಳು ಸಿಗುವುದು ಅಪರೂಪ. ಈ ಗುಣ ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿಯುತ್ತದೆ, ರಕ್ತದ ಬೇರೆ ಯಾವ ಗುಣದ ಮಗ್ಗುಲಿಗೆ ಅದು ಕುಳಿತಿದೆ ಎಂದು ಹುಡುಕಲು ಅವರಿಗೆ ಇಡೀ ವಂಶಾವಳಿ ಬೇಕಿತ್ತು, ಎಲ್ಲರ ರಕ್ತವೂ ಬೇಕಿತ್ತು. ಊರು, ಓಣಿ ಬಲ್ಲ ನರ್ಸೊಬ್ಬಳನ್ನು ಕೊಡಿ ಎಂದು ಕೇಳಿದರು. ಆರೋಗ್ಯಾಧಿಕಾರಿ ಬನಶಂಕರೆವ್ವನನ್ನು ವಾರಕ್ಕೆ ಎರಡು ದಿನ ಅವರ ಜೊತೆಗೆ ಹಾಕಿದರು. ಯಾವ ಮನೆ ಎಂದು ಅವಳು ಕೇಳಿದಾಗ ಬೆಟಗೇರಿಯ ಉಗುರಿಲ್ಲದವರ ಮನೆ ಎಂದರು. ಅದು ನನ್ನ ಮನೆ ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಒಳಗೆ ಹೋಗಿ ಒಮ್ಮೆ ನೋಡಬೇಕು ಎಂಬ ಆಸೆ ಇಷ್ಟು ವರ್ಷ ತನ್ನಲ್ಲಿ ಉಳಿದಿತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ.

ದೇವವ್ವ ಸತ್ತು ಬಹಳ ವರ್ಷವಾಗಿತ್ತು. ಕಲ್ಲಣ್ಣ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದ, ಪಾದಗಳು ಬಾತಿದ್ದವು. ಮಗ್ಗದಲ್ಲಿ ಈಗ ಪ್ರಲ್ಹಾದ ಕೂಡುತ್ತಿದ್ದ. ಕಾಲು ಮುರಿದುಕೊಂಡ ಹುಡುಗಿ ಅವನ ಮಗಳೇ. ಅಲ್ಲಾಉದ್ದೀನ ಒಂದು ದೊಡ್ಡ ಹಾಳೆಯನ್ನು ಬನಶಂಕರೆವ್ವನ ಮುಂದಿಟ್ಟು ಬರೆಯುವ ಕ್ರಮ ಹೇಳಿಕೊಟ್ಟಿದ್ದರು. ಗಂಡಿಗೆ ಚೌಕ, ಹೆಣ್ಣಿಗೆ ದುಂಡು, ಉಗುರಿಲ್ಲದವರಿದ್ದರೆ ಒಳಗೆ ಕಪ್ಪು ತುಂಬುವುದು. ಗಂಡ ಹೆಂಡಿರನ್ನು ಅಡ್ಡಗೆರೆಯಿಂದ ಕೂಡಿಸಿ, ಕೆಳಗೆ ಮಕ್ಕಳನ್ನು ಇಳಿಬಿಡುವುದು.

“ಕಲ್ಲಣ್ಣಾರ, ನಿಮಗ ಎಷ್ಟ ಮಂದಿ ಮಕ್ಕಳ್ರಿ?” ಎಂದು ಅಲ್ಲಾಉದ್ದೀನ ಕೇಳಿದರು.

ಕಲ್ಲಣ್ಣ ಹಾಳೆಯ ಮೇಲಿದ್ದ ಅವಳ ಕೈಯನ್ನು ನೋಡುತ್ತಿದ್ದ. ಕಣ್ಣೆತ್ತದೆಯೇ, “ಮೂವರು” ಅಂದ.

“ತೀರಿಹೋದವ್ರು, ಬ್ಯಾರೆ ಕಡೆ ಇರೋರು, ಯಾರರ?”

“ಇಲ್ರಿ. ಮೂವರ.”

ಅವಳು ಒಂದು ಚೌಕ, ಎರಡು ದುಂಡು ಬರೆದು ಮೂರಕ್ಕೂ ಕಪ್ಪು ತುಂಬಿದಳು. ಆಮೇಲೆ ರಕ್ತ ತೆಗೆಯಲು ಅಪ್ಪನ ತೋಳಿಗೆ ರಬ್ಬರ ಪಟ್ಟಿ ಕಟ್ಟಿದಳು. ಐದನೆಯ ವಯಸ್ಸಿನ ನಂತರ ಅವನನ್ನು ಮುಟ್ಟಿದ್ದು ಅದೇ ಮೊದಲು. ಚರ್ಮ ಒಣಗಿತ್ತು, ನರ ಸುಲಭವಾಗಿ ಸಿಕ್ಕಿತು. ಹೊರಡುವಾಗ ಪ್ರಲ್ಹಾದನ ಹೆಂಡತಿ ಚಹಾ ತಂದುಕೊಟ್ಟಳು. ಬನಶಂಕರೆವ್ವ ತನಗೆ ಅಭ್ಯಾಸವಿಲ್ಲವೆಂದು ಸುಳ್ಳು ಹೇಳಿ ಜೀಪಿನಲ್ಲಿ ಹೋಗಿ ಕುಳಿತಳು.

ಮುಂದಿನ ತಿಂಗಳು ಶಿರಹಟ್ಟಿಗೆ ಹೋದರು. ಕಲ್ಲಣ್ಣನ ಅಪ್ಪನ ತಂಗಿಯನ್ನು ಅಲ್ಲಿಗೆ ಕೊಟ್ಟಿದ್ದರು. ಯಾವುದೋ ಮದುವೆಯ ಮಾತಿನಲ್ಲಿ ಮನಸ್ತಾಪವಾಗಿ ಎರಡು ಮನೆಗಳ ನಡುವೆ ಐವತ್ತು ವರ್ಷದಿಂದ ಹೋಗಿಬರುವುದು ನಿಂತಿತ್ತು. ಆ ತಂಗಿಯ ಮಗಳು ಮುತ್ತವ್ವ, ಅರವತ್ತು ದಾಟಿದ ಹೆಂಗಸು, ಉಗುರಿಲ್ಲದ ಕೈಯಿಂದಲೇ ಜೋಳ ಹಸನು ಮಾಡುತ್ತ ಮಾತಾಡಿದಳು. ಅವಳಿಗೆ ಏಳು ಮಕ್ಕಳು. ಕರೆದು ಸಾಲಾಗಿ ನಿಲ್ಲಿಸಿದಳು. ಮೂವರಿಗೆ ಉಗುರಿರಲಿಲ್ಲ. ನಾಲ್ವರಿಗೆ ಇತ್ತು.

ಬನಶಂಕರೆವ್ವ ಆ ನಾಲ್ವರ ಹೆಬ್ಬೆರಳನ್ನು ಒಂದೊಂದಾಗಿ ಹಿಡಿದು ನೋಡಿದಳು. ಗಟ್ಟಿ ಉಗುರು, ಒಳಗೆ ಮಣ್ಣು ತುಂಬಿಕೊಂಡ ದುಡಿಯುವವರ ಉಗುರು. “ಇವ್ರಿಗೆ ಯಾಕ ಬಂದಿಲ್ಲಬೇ?” ಎಂದು ಕೇಳಿದಳು.

“ನನಗೇನ ಗೊತ್ತವಾ. ಕೆಲವಕ್ಕ ಬರತೈತಿ, ಕೆಲವಕ್ಕ ಬಿಡತೈತಿ. ನಮ್ಮ ಅಣ್ಣ ತಮ್ಮಂದ್ರಾಗೂ ಹಂಗ ಇತ್ತು.”

“ಉಗುರಿದ್ದವ್ರಿಗೆ ಯಾರೂ ಏನೂ ಅನ್ನಲಿಲ್ಲೇನು?”

ಮುತ್ತವ್ವನಿಗೆ ಆ ಪ್ರಶ್ನೆ ತಿಳಿಯಲಿಲ್ಲ. “ಏನಂತಾರ? ಉಗುರಿದ್ರ ಚಲೋನ ಅಲ್ಲೇನು?” ಅಂದು ಮೊರ ಕೊಡವಿದಳು.

ಊಟಕ್ಕೆ ಜೀಪನ್ನು ಊರ ಹೊರಗಿನ ಹುಣಸೆ ಮರದ ನೆರಳಿಗೆ ನಿಲ್ಲಿಸಿದರು. ಡಾಕ್ಟರು ಒಂದು ಕಡೆ ಅಡ್ಡಾದರು. ಬನಶಂಕರೆವ್ವ ರೊಟ್ಟಿಯ ಗಂಟು ಬಿಚ್ಚದೆ ಅಲ್ಲಾಉದ್ದೀನರನ್ನು ಕೇಳಿದಳು, “ಸಾಹೇಬ್ರ, ಒಂದ ಮನ್ಯಾಗ ಮೂವರಿಗೂ ಬಂದು ನಾಕನೇದಕ್ಕ ಬರದ ಇರಬಹುದೇನ್ರಿ?”

ಅಲ್ಲಾಉದ್ದೀನ ನೆಲದ ಮೇಲೆ ಬಿದ್ದಿದ್ದ ಹುಣಸೆ ಬೀಜ ಹೆಕ್ಕಿ, ಕಲ್ಲಿನಿಂದ ಒಡೆದು ಹೋಳು ಮಾಡಿದರು. ಚೌಕಾಬಾರದಂಥ ಕಟ್ಟಿಮನಿ ಆಡುವಾಗ ಉರುಳಿಸುತ್ತಾರಲ್ಲ, ಅಂಥ ಹೋಳು. ಒಂದು ಮಗ್ಗಲು ಕಪ್ಪು, ಒಂದು ಮಗ್ಗಲು ಬಿಳಿ. “ತಂದಿಗಿ ಈ ಗುಣ ಇದ್ರ ಪ್ರತಿ ಕೂಸಿಗೂ ಹಿಂಗ ಒಂದು ಹೋಳು ಉರುಳತೈತಿ ಅಂತ ತಿಳ್ಕೋರಿ. ಕಪ್ಪು ಬಿದ್ರ ಉಗುರಿಲ್ಲ, ಬಿಳಿ ಬಿದ್ರ ಐತಿ. ಹಿಂದಿನ ಕೂಸಿಗೆ ಏನ ಬಿತ್ತಂತ ಹೋಳಿಗೆ ನೆನಪಿರೂದಿಲ್ಲ.” ಅವರು ಉರುಳಿಸುತ್ತ ಹೋದರು. ಕಪ್ಪು, ಬಿಳಿ, ಬಿಳಿ, ಕಪ್ಪು, ಕಪ್ಪು, ಕಪ್ಪು, ಬಿಳಿ. “ನೋಡ್ರಿ, ಮೂರು ಕಪ್ಪಿನ ಬೆನ್ನಿಗೆ ಬಿಳಿ ಬಿತ್ತು. ಅದೇನ ಬ್ಯಾರೆಯವ್ರು ಉರುಳಿಸಿದ್ದಂತ ಅನ್ನಾಕ ಬರತೈತೇನು?”

ಬನಶಂಕರೆವ್ವ ಆ ಬಿಳಿ ಹೋಳನ್ನೇ ನೋಡುತ್ತ ಕುಳಿತಳು. ಮೂವತ್ತಮೂರು ವರ್ಷ ಒಂದು ಮನೆಯನ್ನು ಒಡೆದು ಇಟ್ಟಿದ್ದ ಮಾತಿಗೆ ಇಷ್ಟೇ ಬುಡವಿತ್ತು. ದೇವವ್ವ ಒಂದು ಸಲ ಶಿರಹಟ್ಟಿಗೆ ಬಂದು ಈ ಅಂಗಳದಲ್ಲಿ ನಿಂತಿದ್ದರೆ ಸಾಕಾಗಿತ್ತು.

“ಸಾಹೇಬ್ರ, ಬೆಟಗೇರಿ ಹಾಳ್ಯಾಗ ಒಂದು ದುಂಡು ಬರೀದು ಉಳದೈತ್ರಿ,” ಅಂದಳು. “ಅದು ನಾನ.”

ಅಲ್ಲಾಉದ್ದೀನ ಹೋಳುಗಳನ್ನು ಕೆಳಗಿಟ್ಟರು. ಅವಳು ಎಲ್ಲ ಹೇಳಿ ಮುಗಿಸಿದ ಮೇಲೆ, “ನಿಮ್ಮನ್ನ ಸೇರಿಸ್ಬೇಕಂದ್ರ ನಿಮ್ಮದು, ನಿಮ್ಮ ತಾಯಿಯವರದು ಇಬ್ಬರದೂ ರಕ್ತ ಬೇಕಾಗತೈತಿ,” ಅಂದರು. “ನರ್ಸಬಾಯಾರ, ಒಂದ ಮಾತು ಮೊದಲ ಹೇಳತೀನಿ. ನಾವು ಇದನ್ನ ಯಾರ ತಂದಿ ಯಾರು ಅಂತ ನೋಡಾಕ ಮಾಡಾಕತ್ತಿಲ್ಲ. ಆದ್ರ ರಕ್ತ ಒಮ್ಮೊಮ್ಮೆ ಕೇಳದ್ದನ್ನೂ ಹೇಳಿಬಿಡತೈತಿ. ವಿಚಾರ ಮಾಡ್ರಿ.”

ಅವಳು ವಿಚಾರ ಮಾಡಲಿಲ್ಲ. ಅವತ್ತು ಸಂಜೆಯೇ ತಾಯಿಯ ಮುಂದೆ ಕುಳಿತು ಶಿರಹಟ್ಟಿಯ ಏಳು ಮಕ್ಕಳ ಸುದ್ದಿ ಹೇಳಿದಳು, ಹುಣಸೆ ಬೀಜದ ಸುದ್ದಿ ಹೇಳಿದಳು. ರತ್ನವ್ವ ಮೊರದಲ್ಲಿ ಬೇಳೆ ಆರಿಸುತ್ತ ಕೇಳಿಸಿಕೊಂಡಳು. ಮುಖದಲ್ಲಿ ಏನೂ ಕಾಣಲಿಲ್ಲ. ರಕ್ತದ ಮಾತು ಬಂದಾಗ ಬೆರಳು ನಿಂತಿತು.

“ನನ್ನ ರಕ್ತ ಯಾಕ?”

“ನಿಂದು, ನಂದು, ಅವರದು ಮೂರೂ ಕೂಡಿಸಿ ನೋಡತಾರಬೇ. ಹೊಂದಿದ್ರ ಎಲ್ಲಾರ ಬಾಯಿ ಮುಚ್ಚತೈತಿ.”

“ಹೊಂದಿದ್ರ,” ಅಂದಳು ರತ್ನವ್ವ. ಮಗಳ ಮುಖವನ್ನು ಬಹಳ ಹೊತ್ತು ನೋಡಿದಳು. “ಮಂದಿ ಬಾಯಿ ನಾ ಎಂದೋ ಬಿಟ್ಟೆ. ನಿನಗೂ ಸಂಶೇ ಇತ್ತೇನು?”

“ಇಲ್ಲಬೇ.” ಬನಶಂಕರೆವ್ವ ಜಲ್ದಿ ಹೇಳಿದಳು. ಬಹಳ ಜಲ್ದಿ ಹೇಳಿದಳು. ಇಬ್ಬರಿಗೂ ಅದು ಕೇಳಿಸಿತು.

ಖರೆ ಅಂದರೆ ಸಂಶಯ ಇತ್ತು. ಹತ್ತು ವರ್ಷದವಳಿದ್ದಾಗ ಶಾಲೆಯಲ್ಲಿ ಯಾರೋ ಅಂದ ಮಾತು ಕೇಳಿ ಬಂದು, ತಾಯಿ ಕಂಡಿಕೆ ಸುತ್ತುವಾಗ ಅವಳ ಮುಖವನ್ನು ಕದ್ದು ನೋಡಿದ್ದು ನೆನಪಿತ್ತು. ಆಮೇಲೂ ಕಂಡಕಂಡ ಗಂಡಸರ ಮುಖದಲ್ಲಿ ತನ್ನ ಮೂಗು, ತನ್ನ ಹಣೆ ಹುಡುಕಿದ್ದುಂಟು. ಅದನ್ನು ಅವಳು ತನಗೂ ಒಪ್ಪಿಕೊಂಡಿರಲಿಲ್ಲ. ಈಗ ತಾಯಿ ಒಂದೇ ಮಾತಿಗೆ ಅದನ್ನು ಹೊರಗೆಳೆದು ಮೊರದಲ್ಲಿ ಇಟ್ಟಂತಾಯಿತು.

ರತ್ನವ್ವ ಕುಪ್ಪಸದ ತೋಳು ಮೇಲೆ ಮಾಡಿ ಕೈ ಚಾಚಿದಳು. “ತಗೋ,” ಅಂದಳು. ಮಗಳು ಸೂಜಿ ಚುಚ್ಚುವಾಗ ತಾಯಿ ಗೋಡೆಯ ಕಡೆ ಮುಖ ಮಾಡಿದ್ದಳು. ಇಬ್ಬರ ರಕ್ತವೂ ಮಂಜುಗಡ್ಡೆಯ ಥರ್ಮಾಸಿನಲ್ಲಿ ಧಾರವಾಡಕ್ಕೆ ಹೋಯಿತು, ಅಲ್ಲಿಂದ ಮುಂಬಯಿಗೆ.

ಆಮೇಲೆ ಎರಡೂವರೆ ವರ್ಷ ತಾಯಿ ಮಗಳು ಒಂದೇ ಮನೆಯಲ್ಲಿದ್ದರು. ಜಗಳ ಇರಲಿಲ್ಲ. ರತ್ನವ್ವ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದು ಇಡುತ್ತಿದ್ದಳು, ಮಗಳು ಬರುವುದು ತಡವಾದರೆ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಆದರೆ ಕೇಳಿದ್ದಕ್ಕಷ್ಟೇ ಮಾತು. ಮೊದಲು ಸಂಜೆ ಹೊತ್ತು ಲಕ್ಷ್ಮೇಶ್ವರದ ಸುದ್ದಿ, ಅಣ್ಣನ ಮಕ್ಕಳ ಸುದ್ದಿ ಹೇಳಿಕೊಂಡು ತಾನೇ ನಗುತ್ತಿದ್ದವಳು ಈಗ ಊಟವಾದ ಕೂಡಲೇ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ಬನಶಂಕರೆವ್ವ ಒಂದೆರಡು ಸಲ ಮಾತು ತೆಗೆಯಲು ನೋಡಿದಳು. “ಅವ್ವಾ, ನಾ ಅವತ್ತ...” ಎನ್ನುವಷ್ಟರಲ್ಲಿ ರತ್ನವ್ವ, “ಆತು ಬಿಡು,” ಅಂದು ಏಳುತ್ತಿದ್ದಳು. ಪರೀಕ್ಷೆಯ ಫಲ ಬರಲಿ, ಅದನ್ನು ತಾಯಿಯ ಕೈಗೆ ಕೊಟ್ಟು ಕಾಲು ಹಿಡಿಯೋಣ ಎಂದು ಮಗಳು ಕಾದಳು. ಧಾರವಾಡಕ್ಕೆ ಮೂರು ಪತ್ರ ಬರೆದಳು. ಕೆಲಸ ನಡೆದಿದೆ, ಇನ್ನೂ ಮನೆತನಗಳು ಸೇರಬೇಕಿದೆ ಎಂದು ಉತ್ತರ ಬಂತು.

ಎಂಬತ್ತರ ಜನವರಿಯಲ್ಲಿ ಬನಶಂಕರೆವ್ವ ಲಸಿಕೆ ಹಾಕಲು ಹೋಗಿದ್ದ ಒಂದು ಮಧ್ಯಾಹ್ನ ರತ್ನವ್ವ ತೀರಿಕೊಂಡಳು. ನೀರು ಸೇದಿಕೊಂಡು ಬಂದವಳು ಎದೆ ಹಿಡಿದುಕೊಂಡು ಕುಳಿತಳಂತೆ. ಪಕ್ಕದ ಮನೆಯವರು ಓಡಿ ಬರುವುದರೊಳಗೆ ಮುಗಿದಿತ್ತು. ಲಕ್ಷ್ಮೇಶ್ವರದಿಂದ ಅಣ್ಣನ ಮಕ್ಕಳು ಬಂದು ಮಣ್ಣು ಮಾಡಿ ಹೋದರು. ಬೆಟಗೇರಿಗೆ ಸುದ್ದಿ ಮುಟ್ಟಿಸಿದ್ದರು; ಅಲ್ಲಿಂದ ಯಾರೂ ಬರಲಿಲ್ಲ. ಹದಿಮೂರು ದಿನ ಕಳೆದ ಮೇಲೆ ಬನಶಂಕರೆವ್ವ ಕೆಲಸಕ್ಕೆ ಹೋದಳು. ಮನೆಯಲ್ಲಿ ಮಾತು ಕಡಿಮೆಯಾಗಿ ಎರಡೂವರೆ ವರ್ಷವಾಗಿತ್ತಾದ್ದರಿಂದ ಮೌನಕ್ಕೆ ಹೊಸದಾಗಿ ಒಗ್ಗಿಕೊಳ್ಳಬೇಕಾಗಲಿಲ್ಲ. ಆದರೆ ಬಾಗಿಲಲ್ಲಿ ಯಾರೂ ನಿಂತಿರದ ಮನೆಗೆ ಸಂಜೆ ತಿರುಗಿ ಬರುವುದು ಅವಳಿಗೆ ಬಹಳ ದಿನ ರೂಢಿಯಾಗಲಿಲ್ಲ. ದಾರಿಯಲ್ಲಿ ಸಿಕ್ಕವರೊಡನೆ ಬೇಕಿಲ್ಲದ ಮಾತು ಬೆಳೆಸಿ ಹೊತ್ತು ಕಳೆಯುತ್ತಿದ್ದಳು.

ಫಲ ಬಂದದ್ದು ಮರುವರ್ಷದ ಶ್ರಾವಣದಲ್ಲಿ. ಅಲ್ಲಾಉದ್ದೀನ ಅದನ್ನು ಟಪಾಲಿಗೆ ಹಾಕದೆ ತಾವೇ ಬಸ್ಸಿನಲ್ಲಿ ಬಂದರು. ರತ್ನವ್ವ ಹೋದ ಸುದ್ದಿ ಅವರಿಗೆ ತಿಳಿದಿರಲಿಲ್ಲ. ಕೇಳಿ, “ಮೊದಲ ಬರಬೇಕಾಗಿತ್ತು,” ಅಂದರು. ಆಮೇಲೆ ಕೇಂದ್ರದ ಮೇಜಿನ ಮೇಲೆ ಹಾಳೆ ಹಾಸಿದರು.

“ನಿಮ್ಮ ತಂದಿಯವರದು ಬಿ ಗುಂಪಿನ ರಕ್ತ, ತಾಯಿಯವರದು ಓ,” ಅಂದರು. “ಈ ಮನೆತನದಾಗ ಉಗುರಿಲ್ಲದ ಗುಣ, ಬಿ ಗುಂಪು ಎರಡೂ ಒಂದ ಎಳಿ ಮ್ಯಾಲ ಹತ್ತಿರ ಹತ್ತಿರ ಅದಾವ. ತಂದಿಯಿಂದ ಮಕ್ಕಳಿಗೆ ಇಳಿಯುವಾಗ ಜೋಡೀಲೆ ಇಳೀತಾವ. ಶಿರಹಟ್ಟಿ, ಬೆಟಗೇರಿ, ಮುಂಡರಗಿ ಎಲ್ಲಾ ಕೂಡಿ ಹಿಂಗ ನೋಡಾಕ ಸಿಕ್ಕವ್ರು ಇಪ್ಪತ್ತೆರಡು ಮಂದಿ. ಇಪ್ಪತ್ತು ಮಂದ್ಯಾಗ ಎರಡೂ ಜೋಡಿ ತಪ್ಪಿಲ್ಲ. ಎರಡಕ್ಕೂ ಸಂಬಂಧ ಇಲ್ಲಂತ ಹಿಡದ್ರ ಇಂಥಾದ್ದು ಸುಮ್ನ ಬೀಳೋದು ಬಾಳ ಕಠಿಣ. ಸಂಬಂಧ ಐತಿ ಅಂತ ಹಿಡದ್ರ ಐದ ಸಾವಿರ ಪಟ್ಟು ಸಲೀಸು. ಹಿಂಗ ಎರಡನ್ನೂ ತೂಗಿ ನೋಡೋದ ನಮ್ಮ ಕೆಲಸ.”

“ಉಳದ ಇಬ್ಬರು?”

“ಅವ್ರಾಗ ಎಳಿ ನಡುವ ಹರದು ಬ್ಯಾರೆ ಎಳಿಗೆ ಗಂಟು ಬಿದ್ದೈತಿ. ಬಿ ಬಂದೈತಿ, ಉಗುರಿನ ಗುಣ ಬಂದಿಲ್ಲ. ಅಂಥವ್ರು ಸಿಕ್ಕಾಗನ ಎರಡರ ನಡುವ ಎಷ್ಟು ದೂರ ಐತಿ ಅಂತ ಅಳೀಲಿಕ್ಕಾಗೋದು. ಇಬ್ಬರಾಗ ಒಬ್ರು ನೀವು.”

ಬನಶಂಕರೆವ್ವ ಕೇಳಬೇಕಾದ್ದನ್ನು ಕೇಳಲಿಲ್ಲ. ಅಲ್ಲಾಉದ್ದೀನ ತಾವೇ ಹೇಳಿದರು. ಅವಳನ್ನು ಈ ಲೆಕ್ಕಕ್ಕೆ ಸೇರಿಸಬೇಕಾದರೆ ಅವಳು ಕಲ್ಲಣ್ಣನ ಮಗಳು ಹೌದೋ ಅಲ್ಲವೋ ಎಂಬುದು ಅವರಿಗೂ ತಿಳಿಯಬೇಕಿತ್ತು. ಬಿ ಗುಂಪಿನವರು ಊರಿನಲ್ಲಿ ಬೇಕಾದಷ್ಟು ಮಂದಿ. ಅದೊಂದನ್ನೇ ನಂಬಲು ಬರುವುದಿಲ್ಲ. ಹಾಗಾಗಿ ರಕ್ತದ ಇನ್ನೂ ಏಳು ಬಗೆಯ ಗುಣಗಳನ್ನು ನೋಡಿಸಿದ್ದರು. ಅವುಗಳಲ್ಲಿ ಒಂದು ನೂರರಲ್ಲಿ ನಾಲ್ಕೈದು ಮಂದಿಗೆ ಮಾತ್ರ ಇರುವಂಥದು. ಕಲ್ಲಣ್ಣನಿಗಿತ್ತು, ರತ್ನವ್ವನಿಗಿರಲಿಲ್ಲ, ಬನಶಂಕರೆವ್ವನಿಗಿತ್ತು.

“ರಕ್ತ ಇಂಥವ್ರು ತಂದಿ ಅಲ್ಲಂತ ಖಡಾಖಂಡಿತ ಹೇಳಬಲ್ಲದು ಬಾಯಾರ. ಹೌದಂತ ಹಂಗ ಹೇಳಾಕ ಬರೂದಿಲ್ಲ. ಎಂಟು ಕಡೆ ಅಲ್ಲನ್ನಾಕ ಅವಕಾಶಿತ್ತು, ಒಂದರಾಗೂ ಅನ್ನಲಿಲ್ಲ. ನಾನಂತೂ ನಿಮ್ಮನ್ನ ಸೇರಿಸೀನಿ.”

ಹಾಳೆಯಲ್ಲಿ ಕಲ್ಲಣ್ಣನ ಚೌಕದಿಂದ ರತ್ನವ್ವನ ದುಂಡಿಗೆ ಗೆರೆ ಎಳೆದಿತ್ತು. ಕೆಳಗೆ ನಾಲ್ಕು ಮಕ್ಕಳು. ಕೊನೆಯ ದುಂಡು ಬಿಳಿಯಾಗಿತ್ತು. ಬನಶಂಕರೆವ್ವ ಅಳಲಿಲ್ಲ. ಚಹಾ ಮಾಡಿಕೊಟ್ಟಳು, ಬಸ್ಸಿನವರೆಗೆ ಕಳಿಸಿ ಬಂದಳು. ತಾಯಿ ಕೈ ಚಾಚಿದಾಗಲೇ ಈ ಉತ್ತರ ಅವಳ ಕಣ್ಣ ಮುಂದಿತ್ತು. ಅಷ್ಟು ನಿರಾತಂಕವಾಗಿ ತೋಳು ಚಾಚುವವಳಿಗೆ ಹೆದರುವಂಥದ್ದೇನಿತ್ತು? ಅದನ್ನು ಓದಲು ಮಗಳಿಗೆ ಮುಂಬಯಿಯ ಕಾಗದ ಬೇಕಾಯಿತು.

ಅದೇ ವಾರ ಅವಳು ಬೆಟಗೇರಿಗೆ ನಡೆದುಕೊಂಡು ಹೋದಳು. ಈ ಸಲ ನರ್ಸಿನ ಬಿಳಿ ಸೀರೆ ಉಟ್ಟಿರಲಿಲ್ಲ, ಯಾರ ಜೊತೆಯೂ ಇರಲಿಲ್ಲ. ಕಲ್ಲಣ್ಣ ಹಾಸಿಗೆ ಹಿಡಿದಿದ್ದ. ಮುಖವೂ ಬಾತಿತ್ತು. ಮೂತ್ರಪಿಂಡ ಕೆಡುವುದೂ ಈ ಗುಣದ ಜೊತೆಗೇ ಬರುತ್ತದೆ ಎಂದು ಡಾಕ್ಟರು ಹಿಂದೊಮ್ಮೆ ಹೇಳಿದ್ದು ಅವಳಿಗೆ ನೆನಪಾಯಿತು. ಪ್ರಲ್ಹಾದ ಮಗ್ಗದಿಂದ ಎದ್ದು ನಿಂತ, ಮತ್ತೆ ಕುಳಿತ. ಅವಳು ಹಾಸಿಗೆಯ ಪಕ್ಕ ನೆಲದ ಮೇಲೆ ಕುಳಿತು ಕಾಗದ ಬಿಚ್ಚಿದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು.

“ನಾನು ರತ್ನವ್ವನ ಮಗಳ್ರಿ,” ಎಂದು ಆರಂಭಿಸಿದಳು.

“ಗೊತ್ತೈತಿ,” ಅಂದ ಕಲ್ಲಣ್ಣ. “ನೀ ರಕ್ತ ತಗಿಯಾಕ ಬಂದಾಗ ಗುರ್ತ ಹಿಡದಿದ್ದೆ.”

“ಮತ್ತ ಮೂವರ ಅಂದ್ರಿ?”

“ಮೂವತ್ತ ವರ್ಷ ಹಂಗ ಅಂದಕೋಂತ ಬಂದೀನಿ. ಬಾಯಿಗೆ ಅದ ಬಂತು.”

ಅವಳು ಕಾಗದವನ್ನು ಅವನ ಮುಂದೆ ಹಿಡಿದು, ರಕ್ತ ಏನು ಹೇಳಿತೆಂದು ಹೇಳತೊಡಗಿದಳು. ಕಲ್ಲಣ್ಣ ಕೈ ಎತ್ತಿ ತಡೆದ.

“ಅದೆಲ್ಲಾ ಬ್ಯಾಡವಾ. ರತ್ನಿ ಅಂಥಾಕಿ ಅಲ್ಲಂತ ನನಗ ಅವತ್ತೂ ಗೊತ್ತಿತ್ತು.”

ಬನಶಂಕರೆವ್ವನಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಅನುಮಾನವಾಯಿತು. “ಗೊತ್ತಿತ್ತಂದ್ರ ಯಾಕ ಸುಮ್ಮನಿದ್ರಿ?”

“ನಮ್ಮವ್ವನ ಮುಂದ ಬಾಯಿ ಏಳಲಿಲ್ಲ. ಇವತ್ತ ಹೇಳಿದ್ರಾತು, ನಾಳೆ ಹೇಳಿದ್ರಾತು ಅಂತ ಇದ್ದೆ. ಅಕಿ ಹೊಂಟಬಿಟ್ಲು. ಆಮ್ಯಾಲ ಹೇಳಿದ್ರ, ಮದಲ ಯಾಕ ಹೇಳಲಿಲ್ಲಂತ ಮಂದಿ ನನ್ನ ಕೇಳತಿದ್ರು.” ಅವನು ಕಣ್ಣು ಮುಚ್ಚಿಕೊಂಡ. ಕೆನ್ನೆ ಒದ್ದೆಯಾಯಿತು. “ಅಕಿ ಸತ್ತ ಖಬರ ಬಂದಾಗ ಏಳಾಕ ಆಗಲಿಲ್ಲ.”

ಅವಳು ಕಾಗದ ಮಡಚಿದಳು. ಅಪ್ಪ ತಪ್ಪು ತಿಳಿದಿದ್ದಾನೆ, ತಿದ್ದಿದರೆ ಸರಿಹೋಗುತ್ತದೆ ಎಂದುಕೊಂಡು ಬಂದಿದ್ದಳು. ತಿದ್ದುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಕಲ್ಲಣ್ಣ ದೇವವ್ವನ ಮಾತು ನಂಬಿ ಸುಮ್ಮನಿದ್ದಿದ್ದರೆ ಅವಳಿಗೆ ಕ್ಷಮಿಸುವುದು ಸುಲಭವಾಗುತ್ತಿತ್ತು. ನಂಬದೆ ಸುಮ್ಮನಿದ್ದ. ಆದರೆ ತಾಯಿಯ ಮುಂದೆ ತಾನೂ ಎರಡೂವರೆ ವರ್ಷ ಒಂದು ಮಾತು ಆಡದೆ ಕಾಗದಕ್ಕಾಗಿ ಕಾದು ಕುಳಿತದ್ದು ನೆನಪಾಗಿ ಅವಳಿಗೆ ಬಯ್ಯಲೂ ಬಾಯಿ ಬರಲಿಲ್ಲ. ಬಾತ ಪಾದದ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಗುಳಿ ಬಿದ್ದು ಹಾಗೇ ಉಳಿಯಿತು. ಉಪ್ಪು ಕಡಿಮೆ ಮಾಡಲು ಪ್ರಲ್ಹಾದನ ಹೆಂಡತಿಗೆ ಹೇಳಿ ಎದ್ದಳು.

ಕಲ್ಲಣ್ಣ ಮರುವರ್ಷ ತೀರಿಕೊಂಡ. ಸುದ್ದಿ ಹೇಳಿಕಳಿಸಿದ್ದರು, ಅವಳು ಹೋಗಿ, ಹೆಂಗಸರ ಗುಂಪಿನ ಹಿಂದೆ ನಿಂತು, ಹೆಣ ಎತ್ತಿದ ಮೇಲೆ ತಿರುಗಿ ಬಂದಳು. ಮಲ್ಲಸಮುದ್ರದಲ್ಲಿ ಅವಳ ದಿನಗಳು ಮೊದಲಿನಂತೆಯೇ ಸಾಗಿದವು. ಧಾರವಾಡದಿಂದ ಮತ್ತೆ ಕರೆ ಬಂದಾಗ ಮುಂಡರಗಿಯ ಎರಡು ಮನೆಗಳಿಗೆ ಹೋಗಿ ರಕ್ತ ತೆಗೆದುಕೊಟ್ಟಳು. ಉಗುರಿದ್ದ ಮಕ್ಕಳನ್ನು ಕಂಡರೆ ಅವರ ತಾಯಂದಿರನ್ನು ಪಕ್ಕಕ್ಕೆ ಕರೆದು, ಇದು ಅರ್ಧಕ್ಕರ್ಧ ಮಂದಿಗೆ ಬರುವುದೇ ಇಲ್ಲ, ಯಾರಾದರೂ ಏನಾದರೂ ಅಂದರೆ ನನ್ನ ಹತ್ತಿರ ಕಳಿಸಿ ಎಂದು ಹೇಳಿ ಬರುತ್ತಿದ್ದಳು. ಯಾರೂ ಬರಲಿಲ್ಲ. ಬರುವಂಥ ಪ್ರಸಂಗ ಆ ಮನೆಗಳಲ್ಲಿ ಇರಲಿಲ್ಲ.

ಎಂಬತ್ತಮೂರರ ಕೊನೆಯಲ್ಲಿ ಒಂದು ಗುರುವಾರ ಪ್ರಲ್ಹಾದ ಕೇಂದ್ರದ ಬಾಗಿಲಲ್ಲಿ ಬಂದು ನಿಂತ. ಅವನ ಕಣ್ಣ ಕೆಳಗೆ ಬಾತಿತ್ತು. “ಬಾಯಾರ, ನನಗೂ ಅಪ್ಪಂದ ಆಗಾಕತ್ತೈತೇನ ನೋಡ್ರಿ,” ಅಂದ. ಬೇರೆಯವರು ಇದ್ದರೆಂದು ಹಾಗೆ ಕರೆದನೆಂದುಕೊಂಡಳು. ಆಮೇಲೆ ಇಬ್ಬರೇ ಇದ್ದಾಗಲೂ ಅವನು ಹಾಗೆಯೇ ಕರೆದ. ಅವಳು ಅವನ ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದಳು. ಮೇಲ್ಭಾಗ ಗಂಜಿಯಂತೆ ಬೆಳ್ಳಗಾಯಿತು; ಮೂತ್ರಪಿಂಡ ಕೆಡುತ್ತಿರುವ ಗುರುತು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟಳು, ತಿಂಗಳಿಗೊಮ್ಮೆ ಬಂದು ತೋರಿಸಲು ಹೇಳಿದಳು.

ಅವನು ತಪ್ಪದೆ ಬಂದ. ತಿಂಗಳ ಮೊದಲ ಗುರುವಾರ, ಸಂತೆಗೆ ಬರುವವರ ಹಾಗೆ. ಬೆಂಚಿನ ತುದಿಗೆ ಕುಳಿತು ನಳಿಗೆ ಕಾಯುವುದನ್ನು ನೋಡುತ್ತಿದ್ದ. ಒಮ್ಮೆ, ಹಿಂದೆ ಕಾಲು ಮುರಿದುಕೊಂಡಿದ್ದ ಮಗಳನ್ನೂ ಕರೆತಂದು, “ಇವ್ರು ದವಾಖಾನಿ ಬಾಯಾರು, ನಮಸ್ಕಾರ ಮಾಡು,” ಅಂದ. ಹುಡುಗಿ ನಮಸ್ಕಾರ ಮಾಡಿತು. ಅತ್ತೆ ಎಂದು ಹೇಳುವನೇನೋ ಎಂದು ಬನಶಂಕರೆವ್ವ ಕ್ಷಣ ಕಾದಳು. ಅವನು ಹೇಳಲಿಲ್ಲ, ಅವಳೂ ಹೇಳಲಿಲ್ಲ. ಹುಡುಗಿಯ ಮೂತ್ರ ತಿಳಿಯಾಗಿಯೇ ಉಳಿಯಿತು. “ಏನೂ ಇಲ್ಲ, ಚಲೋ ಐತಿ,” ಅಂದಾಗ ಪ್ರಲ್ಹಾದ ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದ. “ಮುಂದಿನ ತಿಂಗಳ ಬರ್ತೀನ್ರಿ,” ಅಂದು ಎದ್ದ.

ಇಬ್ಬರೂ ರಸ್ತೆಗೆ ಇಳಿದರು. ತಂದೆಯ ಕುಂಟು ನಡಿಗೆಗೆ ಹೊಂದಿಸಿಕೊಂಡು ಮಗಳು ನಿಧಾನ ನಡೆಯುತ್ತಿದ್ದಳು. ಅವರು ತಿರುವು ದಾಟುವವರೆಗೆ ಬನಶಂಕರೆವ್ವ ಕಿಟಕಿಯಲ್ಲಿ ನಿಂತಿದ್ದಳು. ಆಮೇಲೆ ದೀಪ ಆರಿಸಿ, ನಳಿಗೆಗಳನ್ನು ತೊಳೆದು ಬೋರಲು ಹಾಕಿ, ಹೊರಗೆ ಕಾಯುತ್ತಿದ್ದ ಬಸುರಿ ಹೆಂಗಸನ್ನು ಒಳಗೆ ಕರೆದಳು.